ಕಾಫಿಪುಡಿ ಹಿಮ್ಮಡಿಗಲ್ಲ

ಹಾಸನದಿಂದ ತರಿಸಿದ ಕಾಫಿಪುಡಿ ಸುಶೀಲಾ ಮನೆಯಲ್ಲಿ ತಿಂಗಳಿಡೀ ಬರಬೇಕು. ವಿಶಾಖಪಟ್ಟಣದಲ್ಲಿ ಅಂಥ ಪುಡಿ ಎಲ್ಲಿ ಸಿಗುತ್ತೆ ಹೇಳಿ? ಆದರೆ ಬುಧವಾರ ಬೆಳಿಗ್ಗೆ ಡಬ್ಬ ತೆಗೆದರೆ ತಳ ಕಾಣ್ತಿದೆ! ಮೂರೇ ದಿನದಲ್ಲಿ ಇಷ್ಟೂ ಪುಡಿ ಯಾರು ಕುಡಿದರು?

ಯಾರೂ ಕುಡಿದಿರಲಿಲ್ಲ. ಬಚ್ಚಲ ಹತ್ತಿರ ಗಂಡ ಚಂದ್ರಹಾಸ ಸ್ಟೂಲಿನ ಮೇಲೆ ಕೂತು, ಬಲಗಾಲಿನ ಹಿಮ್ಮಡಿಗೆ ಅದನ್ನು ಒತ್ತಿಕೊಳ್ತಿದ್ದರು.

"ರೀ! ಏನ್ರೀ ಇದು?"

"ಏನಿಲ್ಲ ಕಣೇ, ಚೂರು ತರಚಿದೆ."

ತರಚಿದ್ದಲ್ಲ, ಮೊಳೆ ಚುಚ್ಚಿದ್ದು. ಒಂದೊಂದೇ ಮಾತು ಕಿತ್ತು ತೆಗೆಯೋಷ್ಟರಲ್ಲಿ ಸುಶೀಲಾಗೆ ಸಾಕುಸಾಕಾಯ್ತು. ಚಂದ್ರಹಾಸ ಉಕ್ಕಿನ ಕಾರ್ಖಾನೆಯ ಎಂಜಿನಿಯರ್. ವಯಸ್ಸು ನಲವತ್ತಾರು. ಎರಡು ವರ್ಷದಿಂದ ಓಟದ ಹುಚ್ಚು ಹಿಡಿದಿದೆ. ಟೌನ್‌ಶಿಪ್ಪಿನ ಓಟದ ಬಳಗದ ಜೊತೆ ಪ್ರತಿ ಭಾನುವಾರ ಇಪ್ಪತ್ತು ಕಿಲೋಮೀಟರ್ ಓಡಲೇಬೇಕು. ಕಳೆದ ಭಾನುವಾರ ವಿಜಯವಾಡದ ಹೊರಗೆ, ಮಳೆ ಬಿದ್ದ ಗದ್ದೆ ದಾರಿಯಲ್ಲಿ ಪಂದ್ಯ. ಒಂದು ಬೂಟು ಕೆಸರಲ್ಲೇ ಹೂತು ಹೋಯ್ತು. ಅಲ್ಲಿಗೇ ನಿಲ್ಲಬಾರದಾ? ಉಳಿದ ಮೂರು ಕಿಲೋಮೀಟರ್ ಬರಿಗಾಲಲ್ಲಿ ಓಡಿ, ಮೊಳೆ ತುಳಿದು, ಮೂವತ್ತಮೂರು ಜನರಲ್ಲಿ ಮೂವತ್ತೊಂದನೆಯವರಾಗಿ ಬಂದರು. ಮೆಡಲ್ಲು ಟಿ.ವಿ. ಮೇಲೆ ಬಂದು ಕೂತಿದೆ, ಗಾಯದ ಸುದ್ದಿ ಮಾತ್ರ ಮನೆಗೆ ಬಂದಿಲ್ಲ.

"ಟಿ.ಟಿ. ಆಯ್ತಾ?" ಅಂತ ಕೇಳಿದರು ಸುಶೀಲಾ.

"ಓ, ಆಯ್ತಲ್ಲ! ಸೋಮವಾರ ಸಂಜೇನೇ."

ಸದ್ಯ, ಅಷ್ಟಾದರೂ ಬುದ್ಧಿ ಇದೆಯಲ್ಲ ಅಂದುಕೊಂಡು ಸುಶೀಲಾ ಡಬ್ಬ ಎತ್ತಿಕೊಂಡು ಒಳಗೆ ಹೋದರು.

ಸಂಜೆ ಪಕ್ಕದ ಮನೆಯ ಹೈಮಾವತಿ ಮೊಸರಿಗೆ ಹೆಪ್ಪು ಕೇಳಿಕೊಂಡು ಬಂದರು. ಟೌನ್‌ಶಿಪ್ಪಿನ ಆಸ್ಪತ್ರೆಯಲ್ಲಿ ನರ್ಸ್. ಮನೆಮಾತು ತೆಲುಗು, ಆದರೆ ತಾಯಿ ಬಳ್ಳಾರಿಯವರು, ಹಾಗಾಗಿ ತೆಲುಗು ಬೆರೆತ ಕನ್ನಡ ಚೆನ್ನಾಗೇ ಬರುತ್ತೆ. ಕುಂಟುತ್ತಿದ್ದ ಚಂದ್ರಹಾಸರನ್ನು ನೋಡಿ ವಿಷಯ ಕೇಳಿದರು. ಗದ್ದೆಯ ಮೊಳೆಯಿಂದ ಹಿಡಿದು ಸೋಮವಾರದ ಟಿ.ಟಿ.ವರೆಗೆ ಸುಶೀಲಾ ಎಲ್ಲ ಹೇಳಿದರು.

"ಟಿ.ಟಿ. ಎಲ್ಲಿ ಹಾಕಿಸಿದ್ರಿ ಚಂದ್ರಹಾಸ್‌ಗಾರು? ಸೋಮವಾರ ಸಂಜೆ ನಾನೇ ಡ್ಯೂಟಿಲಿದ್ದೆ, ನೀವು ಬಂದಿಲ್ವಲ್ಲ?"

"ಹಾಕಿಸೋದಾ? ಕ್ಲಬ್ಬಲ್ಲಿ ಆಡಿದೆ. ಟೇಬಲ್ ಟೆನ್ನಿಸ್. ಹನ್ನೊಂದು-ಒಂಬತ್ತರಲ್ಲಿ ಗೆದ್ದೆ."

ಸುಶೀಲಾ ಕೈಯಲ್ಲಿದ್ದ ಹೆಪ್ಪಿನ ಬಟ್ಟಲನ್ನು ಟಣ್ ಅಂತ ಕುಕ್ಕಿದರು. "ಕರ್ಮ! ಕಾಲಿಗೆ ಮೊಳೆ ಚುಚ್ಚಿದೆ ಅಂತ ಕೂತಿರೋವಾಗ ನಾನು ಆಟದ ಸುದ್ದಿ ಕೇಳ್ತೀನೇನ್ರೀ? ಧನುರ್ವಾಯು ಇಂಜೆಕ್ಷನ್ನು ಕೇಳಿದ್ದು!"

"ಅದ್ಯಾಕೆ ಬೇಕು? ಮೊಳೆ ಹೊಸದು, ತುಕ್ಕಿರಲಿಲ್ಲ. ಉಕ್ಕಿನಲ್ಲೇ ಇಪ್ಪತ್ತು ವರ್ಷ ಕಳೆದೋನು ನಾನು, ನನಗೆ ತುಕ್ಕು ಗೊತ್ತಾಗಲ್ವಾ?"

"ಅಯ್ಯೋ ರಾಮ! ರೋಗ ತುಕ್ಕಲ್ಲಿಲ್ಲಂಡಿ, ಮಣ್ಣಲ್ಲಿದೆ, ಸಗಣಿಲಿದೆ," ಅಂದರು ಹೈಮಾವತಿ. "ನೀವು ಓಡಿದ್ದು ದನ ಓಡಾಡೋ ಗದ್ದೆಲಿ."

"ಗಾಯ ಮುಚ್ಚಿಕೊಂಡಿದೆಯಲ್ಲ."

"ಅದೇ ನನಗೆ ಭಯ. ಗಾಳಿ ಆಡದ ಕಡೇನೇ ಆ ರೋಗಾಣು ಬೆಳೆಯೋದು. ಅದರ ಮೇಲೆ ನೀವು ಕಾಫಿಪುಡಿ ಬೇರೆ ತುಂಬಿದ್ದೀರಿ. ಸೋಪು ಹಾಕಿ ಹರಿಯೋ ನೀರಲ್ಲಿ ತೊಳೆದು ಆಸ್ಪತ್ರೆಗೆ ಬರಬೇಕಿತ್ತು, ಅವತ್ತೇ. ಕೊನೇ ಸಲ ಟಿ.ಟಿ. ಹಾಕಿಸಿದ್ದು ಯಾವಾಗ?"

ಚಂದ್ರಹಾಸ ತಲೆ ಕೆರೆದುಕೊಂಡರು. "ಕಾಲೇಜಲ್ಲಿ ಇದ್ದಾಗ ಇರಬೇಕು. ಹೇಗೂ ಮೂರು ದಿನ ಆಗಿಹೋಯ್ತಲ್ಲ, ಈಗ ಹಾಕಿಸಿ ಏನು ಬಂತು? ಭಾನುವಾರ ಋಷಿಕೊಂಡ ಬೀಚಲ್ಲಿ ಓಟ ಇದೆ. ಆಸ್ಪತ್ರೆಗೆ ಬಂದರೆ ಡಾಕ್ಟರು ಓಡಬೇಡಿ ಅಂತಾರೆ!"

ಇದಾ ಸಂಗತಿ! ಒಂದು ಭಾನುವಾರದ ಓಟ ತಪ್ಪುತ್ತೆ ಅಂತ ಗಾಯ ಬಚ್ಚಿಟ್ಟಿದ್ದು! ಸುಶೀಲಾಗೆ ಸಿಟ್ಟೂ ಬಂತು, ಅಳೂ ಬಂತು.

ಹೈಮಾವತಿ ಮಾತ್ರ ಮೆಲ್ಲಗೆ, "ಬಾಯಿ ತೆಗೀರಿ ನೋಡೋಣ," ಅಂದರು.

ಚಂದ್ರಹಾಸ ಆ ಅಂತ ತೆಗೆದರು.

"ತೆಗಿಯೋಕಾಯ್ತು, ಅಲ್ವಾ? ಧನುರ್ವಾಯು ಬಂದರೆ ಮೊದಲು ಕಚ್ಚಿಕೊಳ್ಳೋದು ದವಡೆ. ಮೂರು ವಾರದೊಳಗೆ ಯಾವತ್ತಾದರೂ ಬರಬಹುದು. ನಾನು ಅಂಥವರನ್ನ ನೋಡಿದ್ದೀನಿ. ಹೆಂಡತಿ ಚಮಚದಲ್ಲಿ ನೀರು ಹಿಡಿದು ನಿಂತಿರ್ತಾರೆ, ಬಾಯಿ ತೆರೆಯಲ್ಲ. ಅವತ್ತು ಬಂದರೆ ನನ್ನ ಒಂದು ಸೂಜಿ ಸಾಲದಂಡಿ. ತಡ ಆಗಿದೆ, ನಿಜ. ಆದರೂ ನಾಳೆಗಿಂತ ಇವತ್ತು ವಾಸಿ."

ಚಂದ್ರಹಾಸ ಹೆಂಡತಿ ಮುಖ ನೋಡಿದರು. ಸುಶೀಲಾ ಕಣ್ಣೊರೆಸಿಕೊಳ್ತಾ ಆಗಲೇ ಚಪ್ಪಲಿ ಹಾಕಿಕೊಂಡಿದ್ದರು. ಚಂದ್ರಹಾಸ ಕುಂಟುತ್ತಾ ಹಿಂದೆ ಹೊರಟರು. ಡಾಕ್ಟರು ಗಾಯ ಬಿಡಿಸಿ ತೊಳೆದು, ಬೇಕಾದ ಇಂಜೆಕ್ಷನ್ ಕೊಡಿಸಿದರು, ಎರಡು ವಾರ ಓಡಬಾರದು ಅಂತಲೂ ಹೇಳಿದರು.

ಭಾನುವಾರ ಬೆಳಿಗ್ಗೆ ಬಳಗದ ಹನ್ನೆರಡು ಜನ ಬೂಟು ಕಟ್ಟಿಕೊಂಡು ಟೌನ್‌ಶಿಪ್ಪಿನ ಗೇಟಿಗೆ ಬಂದರೆ, ಅಲ್ಲಿ ಸುಶೀಲಾ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಪಕ್ಕದಲ್ಲಿ ಕಾಲಿಗೆ ಪಟ್ಟಿ ಕಟ್ಟಿಕೊಂಡ ಚಂದ್ರಹಾಸ.

"ನಿಮ್ಮದೆಲ್ಲ ಟಿ.ಟಿ. ಆಯ್ತಾ? ಆಟದ್ದಲ್ಲ!"

ಏಳು ಜನ ನೆಲ ನೋಡಿದರು.

ಓದುವವರೇ, ನೀವು ಯಾಕೆ ನೆಲ ನೋಡ್ತಿದ್ದೀರಿ? ಓಡೋರಿರಲಿ, ಗದ್ದೆಗಿಳಿಯೋರಿರಲಿ, ಕೊನೇ ಟಿ.ಟಿ. ಯಾವಾಗ ಅಂತ ನೆನಪು ಮಾಡಿಕೊಳ್ಳಿ. ಹತ್ತು ವರ್ಷ ದಾಟಿದ್ದರೆ, ಇಲ್ಲಾ ನೆನಪೇ ಆಗದಿದ್ದರೆ, ಆಸ್ಪತ್ರೆಗೆ ಹೋಗಿ ಕೇಳಿ. ಮಣ್ಣಲ್ಲಿ ಗಾಯವಾದರೆ ಸೋಪು ನೀರಲ್ಲಿ ತೊಳೆದು ಅವತ್ತೇ ಡಾಕ್ಟರಿಗೆ ತೋರಿಸಿ. ಕಾಫಿಪುಡಿ ಫಿಲ್ಟರಿಗೆ ಹಾಕಿ. ವಾಪಸ್ ಬಂದು ಒಂದು ಲೋಟ ಬಿಸಿಯಾಗಿ ಕುಡಿಯೋಕೆ ನಿಮ್ಮ ಬಾಯಿ ತೆರೀತಿರಬೇಕು.