ಬೋರ್ಯೆಯ ಕಾರು ಸೋರುತ್ತಿತ್ತು

"ಇನ್ನೂ ಸ್ವಲ್ಪ ಎಡಕ್ಕೆ ಹಿಡಿ," ಎಂದ ಆಲ್ವರ್, ಎಂಜಿನ್ನಿನ ಮೇಲೆ ಅರ್ಧ ಮೈ ಬಗ್ಗಿಸಿಕೊಂಡೇ.

ಗುನ್ವೋರ್ ದೀಪವನ್ನು ಎಡಕ್ಕೆ ಸರಿಸಿದಳು. ಮಣ್ಣಿಗೆ ಹೋಗಲೆಂದು ತೊಟ್ಟ ಕಪ್ಪು ಉಡುಪಿನ ಮೇಲೆ ಗಂಡನ ಎಣ್ಣೆಕಲೆಯ ಕೋಟು ಹಾಕಿಕೊಂಡಿದ್ದಳು. ಗಂಡ ಬೋರ್ಯೆಯ ಅಂತ್ಯಕ್ರಿಯೆ ಮಧ್ಯಾಹ್ನ ಚರ್ಚಿನಲ್ಲಿ. ಅಷ್ಟರೊಳಗೆ ಅವನ ಕಾರು ಸೋರುವುದನ್ನು ಅವನ ಶಿಷ್ಯ ಆಲ್ವರ್ ನಿಲ್ಲಿಸಬೇಕಿತ್ತು.

ಫಿಲಿಪ್‌ಸ್ಟಾಡ್ ಊರಿನ ಹಳೇ ಕಾರುಗಳ ಸಂಘದಲ್ಲಿ ಒಂದು ಪದ್ಧತಿಯಿದೆ. ಸತ್ತವನ ಕಾರು ಶವದ ಗಾಡಿಯ ಮುಂದೆ ಹೋಗಬೇಕು, ಅದೂ ತನ್ನ ಎಂಜಿನ್ನಿನ ಬಲದಿಂದಲೇ. ಬೋರ್ಯೆಯದು ಅರವತ್ತೈದನೇ ಇಸವಿಯ ಬಿಳಿ ಅಮೆರಿಕನ್ ಕಾರು. ಚಳಿಗಾಲದ ಮುಂಚೆ ಅದರ ಎಂಜಿನ್ನಿನ ನೆತ್ತಿಗೆ ಮ್ಯಾನಿಫೋಲ್ಡ್ ಎಂಬ, ಗಾಳಿ ಹಂಚುವ ಹೊಸ ಲೋಹದ ಭಾಗ ಕೂರಿಸಿದ್ದ. ಅಂದಿನಿಂದ ರೇಡಿಯೇಟರಿನ ನೀರು ಅಲ್ಲಿಂದ ಸೋರಲು ಹಿಡಿದದ್ದು ನಿಂತೇ ಇರಲಿಲ್ಲ. ಇವತ್ತು ನಡುದಾರಿಯಲ್ಲಿ ಕುದಿದು ನಿಂತುಬಿಟ್ಟರೆ ಮುಗಿಯಿತು. ಮೂವತ್ತು ಚಳಿಗಾಲ ಊರಿನ ರಸ್ತೆಯ ಹಿಮವನ್ನು ಗಾಡಿಯಲ್ಲಿ ಬಾಚಿದವನು, ಅರ್ಧ ಊರಿನ ಎಂಜಿನ್ನುಗಳನ್ನು ಬಿಚ್ಚಿ ಕೂರಿಸಿದವನು, ಕೊನೆಗೆ ತನ್ನ ಕಾರಿನ ಸೋರಿಕೆಯನ್ನೇ ನಿಲ್ಲಿಸಲಾರದೆ ಹೋದ ಎಂಬ ಮಾತೊಂದೇ ಉಳಿಯುತ್ತದೆ. ಊರ ಬಾಯಿ ಮುಚ್ಚಲು ಯಾವ ಮುಚ್ಚಳವೂ ಸಾಲದು ಎಂಬುದು ಗುನ್ವೋರಳಿಗೆ ಗೊತ್ತಿತ್ತು.

ಆಲ್ವರ್ ಮೂಲೆಯ ಬೋಲ್ಟನ್ನು ಬಿಚ್ಚಿ ಬೆಳಕಿಗೆ ಹಿಡಿದ. ಬಟ್ಟೆಯಿಂದ ಒರೆಸಿದ. ಇನ್ನೊಂದನ್ನು ಬಿಚ್ಚಿದ. ಮೂರನೆಯದನ್ನು ನೋಡಿ ಅಂಗೈಯಲ್ಲಿ ಮುಚ್ಚಿಕೊಂಡ.

"ಏನು?"

"ಏನಿಲ್ಲ. ಗ್ಯಾಸ್ಕೆಟ್ ಸರಿಯಿಲ್ಲ ಅನ್ಸುತ್ತೆ."

"ಕೈ ಬಿಡಿಸು."

"ಹೊತ್ತಾಗುತ್ತೆ ಗುನ್ವೋರ್..."

"ಕೈ ಬಿಡಿಸು ಅಂದೆ."

ಬೋಲ್ಟಿನ ಥ್ರೆಡ್ಡು ಅಂಗಡಿಯಿಂದ ತಂದಷ್ಟೇ ಸ್ವಚ್ಛವಾಗಿತ್ತು. ನೀರಿನ ಪಸೆ ಬಿಟ್ಟರೆ ಏನೂ ಅಂಟಿರಲಿಲ್ಲ. ಗುನ್ವೋರ್ ಎಂದೂ ಪಾನಾ ಹಿಡಿದವಳಲ್ಲ. ಆದರೆ ಶೆಡ್ಡಿಗೆ ಬರುತ್ತಿದ್ದ ಗಂಡಸರಿಗೆಲ್ಲ ಕಾಫಿ ಕೊಟ್ಟವಳು, ಬೋರ್ಯೆ ಅವರಿಗೆ ಹೇಳುತ್ತಿದ್ದ ಪಾಠವನ್ನು ಲೆಕ್ಕವಿಲ್ಲದಷ್ಟು ಸಲ ಕೇಳಿದವಳು. 'ಈ ಬೋಲ್ಟಿನ ತೂತು ಒಳಗಿನ ನೀರಿಗೇ ಮುಟ್ಟುತ್ತೆ ಮಾರಾಯ. ಪೇಸ್ಟ್ ಹಚ್ಚಿ ಬಿಗಿ. ಇಲ್ದಿದ್ರೆ ಬೋಲ್ಟಿನ ಮೈಗುಂಟ ನೀರು ಹತ್ತಿ ಬರುತ್ತೆ, ನೀನು ಗ್ಯಾಸ್ಕೆಟ್ಟಿಗೆ ಬೈಕೊಂಡು ಕೂತಿರ್ತೀಯ.'

"ಪೇಸ್ಟೇ ಹಚ್ಚಿಲ್ಲ," ಎಂದಳು.

"ಒಂದಕ್ಕೂ ಇಲ್ಲ."

"ಬೋರ್ಯೆನಾ? ಇದನ್ನ ಮರೆಯೋದಾ?"

ಆಲ್ವರ್ ಬೋಲ್ಟುಗಳನ್ನು ಸಾಲಾಗಿ ಇಟ್ಟ. ಅಂತ್ಯಕ್ರಿಯೆಗೆ ಬಿಳಿ ಟೈ ಕಟ್ಟುವುದು ಸತ್ತವನ ಹತ್ತಿರದ ಬಂಧುಗಳು ಮಾತ್ರ. ನೀನೇ ಕಟ್ಟಿಕೋ ಎಂದು ಗುನ್ವೋರ್ ಬೆಳಿಗ್ಗೆ ಅವನಿಗೆ ಕೊಟ್ಟಿದ್ದಳು. ಮಸಿಯಾಗದಿರಲೆಂದು ಅದನ್ನು ಅಂಗಿಯೊಳಗೆ ತುರುಕಿಕೊಂಡಿದ್ದ. ಪೇಸ್ಟಿನ ಟ್ಯೂಬು ತೆಗೆದು, ಬೋಲ್ಟಿಗೆ ಹಚ್ಚಿ, ಒಂದೊಂದಾಗಿ ಬಿಗಿಯತೊಡಗಿದ. ಇಡೀ ಚಳಿಗಾಲದ ಕಾಟಕ್ಕೆ ಮದ್ದು ಇಷ್ಟೇ ಆಗಿತ್ತು.

"ಯಾರಿಗೂ ಹೇಳ್ಬೇಡ ಆಲ್ವರ್. ಕೇಳಿದ್ರೆ ಗ್ಯಾಸ್ಕೆಟ್ ಅನ್ನು."

"ನನ್ನ ಬಾಯಿ ಬಿಗಿಯೋಕೆ ಪೇಸ್ಟ್ ಬೇಕಿಲ್ಲ," ಎಂದ ಆಲ್ವರ್. ಕೊನೆಯ ಬೋಲ್ಟನ್ನು ಇನ್ನೊಂದು ಸುತ್ತು ಬಿಗಿದ.

* * *

ನವೆಂಬರಿನಲ್ಲಿ ಮೊದಲ ಸಲ ಶೆಡ್ಡಿನ ನೆಲದ ಮೇಲೆ ರೇಡಿಯೇಟರಿನ ಹಸಿರು ನೀರು ನಿಂತಾಗ ಬೋರ್ಯೆ ನಕ್ಕಿದ್ದ. ಮ್ಯಾನಿಫೋಲ್ಡನ್ನು ಎತ್ತಿ, ಹೊಸ ಗ್ಯಾಸ್ಕೆಟ್ ಹಾಕಿ, ಮತ್ತೆ ಕೂರಿಸಿದ. ಮತ್ತೆ ಸೋರಿತು. ಮೂರನೆಯ ಸಲ ನಗಲಿಲ್ಲ. ಆಲ್ವರ್ ಬಂದರೆ ಮನೆಯಲ್ಲಿಲ್ಲ ಎಂದು ಹೇಳು ಎಂದ. ಕ್ರಿಸ್‌ಮಸ್ ಬಂದದ್ದೂ ಹೋದದ್ದೂ ಅವನಿಗೆ ಗೊತ್ತಾಗಲಿಲ್ಲ.

"ಆ ಕಾರನ್ನೇ ಕಟ್ಕೋಬೇಕಿತ್ತು," ಎಂದು ಗುನ್ವೋರ್ ರೇಗಿದ್ದಳು. "ನನ್ನ ಯಾಕೆ ಕಟ್ಕೊಂಡೆ?"

"ನೀನು ಸೋರ್ತಿರ್ಲಿಲ್ಲ, ಅದಕ್ಕೆ."

ಆಗ ಇಬ್ಬರೂ ನಕ್ಕಿದ್ದರು. ಅಂಗಡಿಗೆ ಹೋದವನು ತಾನು ಹಿಂದೆ ಹಿಮ ಬಾಚುತ್ತಿದ್ದ ದಾರಿ ಹಿಡಿದು ಪಕ್ಕದ ಊರು ಮುಟ್ಟಿ ಬಂದಾಗಲೂ ಇಬ್ಬರೂ ನಕ್ಕಿದ್ದರು. ವಯಸ್ಸಾಯಿತು, ಆಗುತ್ತದೆ ಎಂದುಕೊಂಡಿದ್ದರು.

ಜನವರಿಯ ಒಂದು ಮಧ್ಯಾಹ್ನ ಬೋರ್ಯೆ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತ. ಕೈಯಲ್ಲಿ ಒಂದು ಬೋಲ್ಟು.

"ಗುನ್ವೋರ್, ನಾನೇನೋ ಬಿಡ್ತಿದೀನಿ. ಬಿಗಿಯೋ ಮುಂಚೆ ಏನೋ ಒಂದು ಮಾಡ್ಬೇಕು. ಏನದು?"

ಛೇಡಿಸುತ್ತಿದ್ದಾನೆ ಎಂದುಕೊಂಡಳು. ಆಲೂಗಡ್ಡೆ ಸುಲಿಯುವ ಕೈ ನಿಲ್ಲಿಸಲಿಲ್ಲ.

"ಪ್ರಾರ್ಥನೆ ಮಾಡ್ಬೇಕು," ಎಂದಳು. "ಬೂಟಿನ ಹಿಮ ನೋಡು, ನೆಲ ಎಲ್ಲಾ ಒದ್ದೆ ಆಯ್ತು."

ಬೋರ್ಯೆ ತನ್ನ ಬೂಟು ನೋಡಿಕೊಂಡ. ನಕ್ಕ ಹಾಗೆ ಮಾಡಿ ಹೊರಟುಹೋದ. ಮುಂದಿನ ತಿಂಗಳು ಕಾರಿನ ಪಕ್ಕದಲ್ಲೇ ಬಿದ್ದ. ಹೃದಯ ನಿಂತಿತ್ತು.

* * *

ಚರ್ಚಿನ ದಾರಿಯುದ್ದಕ್ಕೂ ಗುನ್ವೋರ್ ಹಿಂತಿರುಗಿ ಶವದ ಗಾಡಿಯನ್ನು ನೋಡಲಿಲ್ಲ. ಆಲ್ವರ್ ಓಡಿಸುತ್ತಿದ್ದ, ಅವಳು ಪಕ್ಕದಲ್ಲಿ ಕೂತು ಬಿಸಿ ತೋರಿಸುವ ಮುಳ್ಳನ್ನೇ ನೋಡುತ್ತಿದ್ದಳು. ಮುಳ್ಳು ನಡುವಿಗೆ ಬಂದು ಅಲ್ಲೇ ನಿಂತಿತು. ಎದೆಯಲ್ಲಿ ಮಾತ್ರ ಬೆಂಕಿ ಬಿದ್ದಂತಿತ್ತು. ಉತ್ತರ ಅವಳಿಗೆ ಗೊತ್ತಿತ್ತಲ್ಲ! ಪೇಸ್ಟ್ ಹಚ್ಚು ಎಂದಿದ್ದರೆ ಸಾಕಿತ್ತು. ಅವನು ಕಾರಿನ ಹಿಂದೆ ಬಿದ್ದಿರಲಿಲ್ಲ, ಕಳೆದುಹೋಗುತ್ತಿದ್ದ ತನ್ನನ್ನೇ ಹುಡುಕುತ್ತಿದ್ದ. ಹೆದರಿಕೊಂಡು, ಒಬ್ಬನೇ.

ಪೆಟ್ಟಿಗೆ ಮಣ್ಣಿಗಿಳಿದ ಮೇಲೆ ಎಲ್ಲರೂ ಚರ್ಚಿನ ಪಕ್ಕದ ಹಾಲಿನಲ್ಲಿ ಕಾಫಿಗೆ ಕೂತರು. ಸೀಗಡಿ ಹಾಕಿದ ಸ್ಯಾಂಡ್‌ವಿಚ್ ಕೇಕನ್ನು ತಟ್ಟೆಗೆ ಬಡಿಸಿಕೊಳ್ಳುತ್ತ ಸ್ಟೂರೆ ಬಾಯಿ ತೆಗೆದ. ಸಂಘದಲ್ಲಿ ಎಲ್ಲರೂ ಹೂಂ ಅಂದದ್ದಕ್ಕೆ ಉಹೂಂ ಅನ್ನುವ ಆಸಾಮಿ ಅವನು.

"ಅಂತೂ ಇಂತೂ ಸೋರೋದು ನಿಂತಿತಪ್ಪ! ಏನಾಗಿತ್ತು ಆಲ್ವರ್? ಗುರು ಬಿಟ್ಟದ್ದು, ಶಿಷ್ಯ ಹಿಡಿದದ್ದು?"

ಆಲ್ವರನ ಬಟ್ಟಲು ತುಟಿಯ ಹತ್ತಿರವೇ ನಿಂತಿತು. ಸುಳ್ಳು ಅವನ ಮುಖಕ್ಕೆ ಒಗ್ಗುವಂಥದ್ದಲ್ಲ.

"ಗ್ಯಾಸ್ಕೆಟ್," ಎಂದಳು ಗುನ್ವೋರ್. ದನಿ ಬೇಕಾದ್ದಕ್ಕಿಂತ ದೊಡ್ಡದಾಯಿತು. "ಕೆಟ್ಟ ಗ್ಯಾಸ್ಕೆಟ್ ಬಂದಿತ್ತು. ಮೂರಕ್ಕೆ ಮೂರೂ."

ಮೂರು ಗ್ಯಾಸ್ಕೆಟ್ ಒಟ್ಟಿಗೆ ಕೆಡುವುದನ್ನು ಅಲ್ಲಿದ್ದ ಯಾವ ಮುದುಕನೂ ಹುಟ್ಟಿದಂದಿನಿಂದ ಕಂಡಿರಲಿಲ್ಲ. ಗುನ್ವೋರ್ ಸ್ಟೂರೆಯ ಮುಖವನ್ನು ನೆಟ್ಟ ನೋಟದಿಂದ ನೋಡಿದಳು.

ಸ್ಟೂರೆ ತಟ್ಟೆ ಕೆಳಗಿಟ್ಟ.

"ಈಗಿನದು ಗ್ಯಾಸ್ಕೆಟ್ಟೇ ಅಲ್ಲ," ಎಂದ. "ರಟ್ಟು ಅದು."

"ಒದ್ದೆ ರಟ್ಟು," ಎಂದ ಪಕ್ಕದವನು.

"ನನಗೂ ಹಂಗೇ ಆಯ್ತು, ಹೋದ ವರ್ಷ. ಎರಡು ಸಲ!"

"ಬೋರ್ಯೆ ಆಗಿದ್ದಕ್ಕೆ ಅಷ್ಟು ದಿನ ಹೆಣಗಾಡಿದ. ನಾನಾಗಿದ್ರೆ ಕೆರೆಗೆ ನೂಕಿ ಬರ್ತಿದ್ದೆ."

ಇಡೀ ಮೇಜು ಗ್ಯಾಸ್ಕೆಟ್ಟುಗಳಿಗೆ ಹಿಡಿಶಾಪ ಹಾಕಿತು. ಒಬ್ಬರೂ ಗುನ್ವೋರಳ ಕಡೆ ನೋಡಲಿಲ್ಲ. ಬೋರ್ಯೆಯ ಮರೆವು ಇವರಿಗೆಲ್ಲ ಗೊತ್ತಿದೆ ಎಂದು ಅವಳಿಗೆ ಆಗ ಹೊಳೆಯಿತು.

ಕಾಫಿ ತುಂಬಿಸಿಕೊಳ್ಳಲು ಎದ್ದಾಗ ಸ್ಟೂರೆ ಪಕ್ಕಕ್ಕೆ ಬಂದು ನಿಂತ. ದನಿ ತಗ್ಗಿಸಿ, "ಡಿಸೆಂಬರಲ್ಲಿ ನಮ್ಮನೆಗೆ ಬಂದಿದ್ದ ಕಣೇ," ಎಂದ. "ಬಾನೆಟ್ ಎತ್ತು, ನಿನ್ನ ಎಂಜಿನ್ ನೋಡ್ಬೇಕು ಅಂದ. ಎಷ್ಟೋ ಹೊತ್ತು ಸುಮ್ನೆ ನೋಡ್ತಾ ನಿಂತಿದ್ದ. ಏನೋ ಕೇಳೋಕೆ ಬಂದಿದಾನೆ ಅಂತ ಗೊತ್ತಾಯ್ತು. ಅವನು ಕೇಳ್ಲಿಲ್ಲ. ನಾನಾಗಿ ಹೇಳಿದ್ರೆ ನೊಂದ್ಕೋತಾನೆ ಅಂತ ನಾನೂ ಸುಮ್ನಿದ್ದೆ."

"ನನ್ನನ್ನ ಕೇಳಿದ್ದ," ಎಂದಳು ಗುನ್ವೋರ್. "ಬಾಯಿ ಬಿಟ್ಟೇ ಕೇಳಿದ್ದ. ನಾನು ನೆಲ ಒದ್ದೆ ಆಯ್ತು ಅಂದೆ."

ಸ್ಟೂರೆ ಕಾಫಿಯ ಕೆಟಲನ್ನು ತಾನೇ ಎತ್ತಿಕೊಂಡ. ಅವಳ ಬಟ್ಟಲಿಗೆ ಕಾಫಿ ಸುರಿದುಕೊಟ್ಟ.

ಕಾಫಿ ಮುಗಿಸಿ ಅವಳು ಹೊರಗೆ ಬಂದಾಗ ಹಿಮ ಉದುರಲು ಶುರುವಾಗಿತ್ತು. ಸಂಘದ ಗಂಡಸರು ಬಿಳಿ ಕಾರಿನ ಸುತ್ತ ನಿಂತಿದ್ದರು. ಬಾನೆಟ್ ಎತ್ತಿತ್ತು. ಒಬ್ಬೊಬ್ಬರಾಗಿ ಬಗ್ಗಿ, ಮ್ಯಾನಿಫೋಲ್ಡಿನ ಅಂಚಿನಲ್ಲಿ ಬೆರಳಾಡಿಸಿ, ಬೆರಳು ನೋಡಿಕೊಂಡು, ಇನ್ನೊಬ್ಬನಿಗೆ ಜಾಗ ಬಿಡುತ್ತಿದ್ದರು. ಅವಳನ್ನು ಕಂಡು ಎಲ್ಲರೂ ಹಿಂದೆ ಸರಿದರು.

ಗುನ್ವೋರ್ ಕೈಗವಸು ಕಳಚಿದಳು. ಬೆಚ್ಚಗಿನ ಲೋಹದ ಮೇಲೆ ಬೆರಳಿಟ್ಟು ಈ ತುದಿಯಿಂದ ಆ ತುದಿಯವರೆಗೆ ಸವರಿದಳು. ಬೆರಳು ಒದ್ದೆಯಾಗಿ ಬಂತು. ಅವಳು ಬೆದರಿ ಆಲ್ವರನ ಮುಖ ನೋಡಿದಳು.

"ಅದು ಮೇಲಿಂದ ಬಿದ್ದದ್ದು, ಗುನ್ವೋರ್," ಎಂದ ಆಲ್ವರ್. "ಬರೀ ಹಿಮ."

ಎಂಜಿನ್ ಮೇಲೆ ಒಂದು ಹನಿ ಬಿದ್ದರೂ ಬೊಬ್ಬೆ ಹೊಡೆಯುವ ಗಂಡಸರು ಅವರೆಲ್ಲ. ಹಿಮ ಬೀಳುತ್ತಲೇ ಇತ್ತು, ಬಿದ್ದಲ್ಲೇ ಕರಗುತ್ತಿತ್ತು. ಅವಳು ಅಲ್ಲಿ ನಿಂತಿರುವವರೆಗೂ ಬಾನೆಟ್ ಮುಚ್ಚಲು ಒಬ್ಬನೂ ಕೈ ಎತ್ತಲಿಲ್ಲ.