ಹಿಟ್ಟಿನಂಥ ಬೆಳ್ಳಿ

ಚಿನಕುರಳಿಯ ಅಕ್ಕಸಾಲಿ ಕಾಳಪ್ಪನ ಹೆಂಡತಿ ವರಲಕ್ಷ್ಮಮ್ಮ ಮದುವೆಯಾಗಿ ಬಂದಾಗಿನಿಂದ ಬೆಳ್ಳಿಯ ನಡುವೆಯೇ ಬದುಕಿದವಳು. ಆದರೆ ಒಂದು ಮೂಗುಬೊಟ್ಟನ್ನೂ ಮಾಡಿದವಳಲ್ಲ. ಆ ಮನೆಯಲ್ಲಿ ಹೆಂಗಸರು ಬೆಂಕಿ ಹಿಡಿಯುವ ರೂಢಿಯೇ ಇರಲಿಲ್ಲ.

ಅವಳನ್ನು ಹೊರಡಿಸಿದ್ದು ಪಕ್ಕದ ಮನೆಯ ಬೆಟ್ಟಮ್ಮ. ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುವ ಬೆಟ್ಟಮ್ಮನಿಗೂ ಒಡವೆ ಕೆಲಸಕ್ಕೂ ಯಾವ ಸಂಬಂಧವೂ ಇಲ್ಲ. ಶ್ರೀರಂಗಪಟ್ಟಣದಲ್ಲಿ ಎರಡು ದಿನ ಕೂರಿಸಿಕೊಂಡು ಬೆಳ್ಳಿಯ ಜೇಡಿಯಲ್ಲಿ ಒಡವೆ ಮಾಡುವುದನ್ನು ಕಲಿಸುತ್ತಾರೆ ಅಂತ ಫೋನಿನಲ್ಲಿ ನೋಡಿದ್ದೇ ತಡ, ಇಬ್ಬರ ಹೆಸರನ್ನೂ ಬರೆಸಿಬಿಟ್ಟಿದ್ದಳು. ಜೇಡಿಯಲ್ಲಿ ಬೆಳ್ಳಿ ಹುಟ್ಟುವುದಾದರೆ ನಮ್ಮಪ್ಪ ಯಾಕೆ ಕುಲುಮೆ ಊದಿ ಊದಿ ಕೆಮ್ಮುತ್ತಿದ್ದ ಅಂತ ಕಾಳಪ್ಪ ನಕ್ಕ. ಹೋಗಬೇಡ ಅನ್ನಲಿಲ್ಲ.

ಇಬ್ಬರೂ ಮದುವೆಮನೆಗೆ ಹೊರಟವರಂತೆ ರೇಷ್ಮೆ ಸೀರೆ ಉಟ್ಟು ಬಸ್ಸು ಹತ್ತಿದರು. ಕೋಟೆಯ ಹತ್ತಿರದ ಆ ಮನೆಯ ಹಜಾರಕ್ಕೆ ಕಾಲಿಟ್ಟರೆ, ಉಳಿದವರೆಲ್ಲ ಹಳೇ ಬಟ್ಟೆ ತೊಟ್ಟ ಕಾಲೇಜು ಹುಡುಗಿಯರು. ಬೆಟ್ಟಮ್ಮ ತನ್ನ ಜರಿ ಸೆರಗು ನೋಡಿಕೊಂಡಳು, ವರಲಕ್ಷ್ಮಮ್ಮನ ಮುಖ ನೋಡಿದಳು. ನಗು ಶುರುವಾಗಿದ್ದು ಅಲ್ಲಿಂದ.

ಕಲಿಸುವವಳು ಮೈಸೂರಿನ ಅನುಶ್ರೀ. ಒಬ್ಬೊಬ್ಬರಿಗೂ ನೆಲ್ಲಿಕಾಯಿ ಗಾತ್ರದ ಬೂದು ಉಂಡೆ ಕೊಟ್ಟಳು. ಇದು ನುಣ್ಣನೆಯ ಬೆಳ್ಳಿ ಪುಡಿಗೆ ಅಂಟು, ನೀರು ಸೇರಿಸಿದ್ದು. ಬೇಕಾದ ಆಕಾರ ಮಾಡಿ ಚೆನ್ನಾಗಿ ಒಣಗಿಸಿ ಸುಟ್ಟರೆ ಅಂಟು ಉರಿದುಹೋಗಿ ಬರೀ ಬೆಳ್ಳಿ ಉಳಿಯುತ್ತದೆ ಅಂತ ಹೇಳಿದಳು. ಬೆಟ್ಟಮ್ಮ ಉಂಡೆಯನ್ನು ರಾಗಿಮುದ್ದೆಯಂತೆ ಅಂಗೈಯಲ್ಲಿ ಹೊರಳಿಸಿ ಪಿಸುಗುಟ್ಟಿದಳು:

"ಒಸಿ ಬಸ್ಸಾರು ಇದ್ದಿದ್ರೆ ಒಂದೇ ಗುಕ್ಕು ಕಣೆ."

ವರಲಕ್ಷ್ಮಮ್ಮ ಎಷ್ಟು ನಕ್ಕಳೆಂದರೆ, ಅನುಶ್ರೀ ಬೆಟ್ಟಮ್ಮನನ್ನು ಎಬ್ಬಿಸಿ ಕಿಟಕಿ ಪಕ್ಕದ ಮೇಜಿಗೆ ಕಳಿಸಬೇಕಾಯಿತು. ಅದರಿಂದೇನೂ ಪ್ರಯೋಜನವಾಗಲಿಲ್ಲ. ಕಣ್ಣಿಗೆ ಕಣ್ಣು ಸಿಕ್ಕಿದರೆ ಸಾಕು, ಎರಡು ಮೇಜಿನಲ್ಲೂ ಕಿಸಕ್ಕನೆ ನಗು.

ಬೆಟ್ಟಮ್ಮ ತನ್ನ ಹಸುವನ್ನೇ ಮಾಡಲು ಹೊರಟಳು. ಅದು ಮೊದಲು ನಾಯಿಯಾಯಿತು, ತಿದ್ದಿದಷ್ಟೂ ಹಂದಿಯಾಯಿತು. ವರಲಕ್ಷ್ಮಮ್ಮ ಆ ಮನೆಯ ಹಿತ್ತಲ ಗಿಡದಿಂದ ಒಂದು ಕರಿಬೇವಿನ ಎಲೆ ಕಿತ್ತು ತಂದಳು. ಜೇಡಿಯನ್ನು ಹಪ್ಪಳದಂತೆ ಲಟ್ಟಿಸಿ, ಎಲೆಯನ್ನು ಅದರ ಮೇಲೆ ಒತ್ತಿ ಎತ್ತಿದಳು. ನರ ನರವೂ ಮೂಡಿತ್ತು. ಅಂಚು ಕತ್ತರಿಸಿ, ತುದಿಯಲ್ಲಿ ಸರಕ್ಕೆ ತೂತು ಕೊರೆದು, ಒಣಗಲು ಇಟ್ಟಳು.

ಮರುದಿನ ಸುಡುವ ಕೆಲಸ. ಇಟ್ಟಿಗೆಯ ಮೇಲೆ ಒಡವೆ ಇಟ್ಟು, ಕೈಯಲ್ಲಿ ಹಿಡಿಯುವ ಗ್ಯಾಸ್ ಟಾರ್ಚಿನ ಜ್ವಾಲೆಯನ್ನು ಅದರ ಮೇಲೆ ಆಡಿಸಬೇಕು. ಬೆಟ್ಟಮ್ಮ ಎಲ್ಲರಿಗಿಂತ ಮುಂದೆ ನುಗ್ಗಿದಳು. ಅವಳ ಹಸು ಒಳಗೆ ಇನ್ನೂ ಹಸಿಯಾಗಿತ್ತು. ಪಟ್ ಅಂತ ಸಿಡಿದು ಒಂದು ಕಾಲು ಕಿಟಕಿಯ ಗಾಜಿಗೆ ಹೋಗಿ ಬಡಿಯಿತು. ಅನುಶ್ರೀಯೂ ಗೋಡೆ ಹಿಡಿದುಕೊಂಡು ನಕ್ಕಳು. ಆಮೇಲೆ ಅವಳೇ ಕೂತು, ಬೆಳ್ಳಿಯ ಗೊಜ್ಜು ಹಚ್ಚಿ ಕಾಲನ್ನು ಅಂಟಿಸಿ, ಒಣಗಿಸಿ, ಮತ್ತೆ ಸುಡಿಸಿದಳು.

ವರಲಕ್ಷ್ಮಮ್ಮನ ಸರದಿ ಬಂದಾಗ ಅವಳು ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡಳು. ಜ್ವಾಲೆ ಬುಸ್ಸೆಂದು ಹೊತ್ತಿತು. ಎಲೆಯಿಂದ ಒಂದಿಷ್ಟು ಹೊಗೆ ಎದ್ದಿತು, ಪುಟ್ಟ ಉರಿಯೊಂದು ಕಾಣಿಸಿಕೊಂಡು ಆರಿತು. ಬೂದು ಎಲೆ ಬೆಳ್ಳಗಾಯಿತು. ಮೆಲ್ಲಗೆ ಒಳಗಿನಿಂದಲೇ ಹಣ್ಣಾದಂತೆ ಕೆಂಪೇರಿತು. ಅವಳು ಕಣ್ಣು ಕೀಳದೆ ಜ್ವಾಲೆಯನ್ನು ಆಡಿಸುತ್ತಲೇ ಇದ್ದಳು. ಬೆಟ್ಟಮ್ಮ ಪಕ್ಕಕ್ಕೆ ಬಂದು ಕತ್ತು ಚಾಚಿ ನೋಡುತ್ತಿದ್ದಳು.

ಸಾಕು ಅಂತ ಅನುಶ್ರೀ ಹೇಳಿದ ಮೇಲೆ ಇಕ್ಕಳದಲ್ಲಿ ಹಿಡಿದು ನೀರಿಗೆ ಹಾಕಿದರೆ ಚುಂಯ್ ಅಂದಿತು. ಹೊರಗೆ ತೆಗೆದಾಗ ಸುಣ್ಣ ಬಳಿದಂತಿತ್ತು. ವರಲಕ್ಷ್ಮಮ್ಮನ ಮುಖ ಸಪ್ಪಗಾಯಿತು. ಅನುಶ್ರೀ ತಂತಿಯ ಬ್ರಷ್ಷಿನಿಂದ ಉಜ್ಜಲು ಹೇಳಿದಳು. ಉಜ್ಜಿದಳು. ಸುಣ್ಣದ ಕೆಳಗಿನಿಂದ ಬೆಳ್ಳಿ ಇಣುಕಿತು, ಆಮೇಲೆ ಇಡೀ ಎಲೆಯೇ ಮಿನುಗಿತು.

"ನಾನ್ ಮಾಡ್ದೆ ಕಣೆ," ಅಂದಳು ವರಲಕ್ಷ್ಮಮ್ಮ. "ಬೆಟ್ಟಿ, ನಾನ್ ಮಾಡ್ದೆ."

ವಾಪಸು ಬರುವಾಗ ಬಸ್ಸಿನ ಕಂಡಕ್ಟರಿಗೆ ತೋರಿಸಿದಳು. ಪಾಂಡವಪುರದಲ್ಲಿ ಹತ್ತಿದ ಗುರುತಿಲ್ಲದ ಹೆಂಗಸಿಗೂ ತೋರಿಸಿದಳು. ಮನೆಯಲ್ಲಿ ಕಾಳಪ್ಪ ಎಲೆಯನ್ನು ಒರೆಗಲ್ಲಿಗೆ ತಿಕ್ಕಿ ನೋಡಿದ. ಭೂತಗನ್ನಡಿ ಇಟ್ಟುಕೊಂಡು ಬಹಳ ಹೊತ್ತು ತಿರುಗಿಸಿ ನೋಡಿದ.

"ಅಪ್ಪಟ ಬೆಳ್ಳಿನೇ ಕಣೆ," ಅಂದ. "ಇಂಗೆ ನರ ಕೊರೀಬೇಕಂದ್ರೆ ನಂಗೆ ಕಣ್ಣು ಸಾಲದು." ಆಮೇಲೆ ಪೆಟ್ಟಿಗೆಯಿಂದ ತೆಳ್ಳನೆಯ ಸರವೊಂದನ್ನು ತೆಗೆದು ಪೋಣಿಸಿ, ತಾನೇ ಅವಳ ಕೊರಳಿಗೆ ಹಾಕಿದ. ಅವಳಿಗೆ ನಾಚಿಕೆಯಾಗಿ ಮತ್ತೆ ನಗು ಬಂತು.

ಬೆಳಿಗ್ಗೆ ಬೆಟ್ಟಮ್ಮ ಹಸುವನ್ನು ದಾರದಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡು ಡೇರಿಗೆ ಬಂದಳು. ಅರ್ಧ ಲೀಟರು ಹಾಲು ತರುವ ನೆಪದಲ್ಲಿ ವರಲಕ್ಷ್ಮಮ್ಮನೂ ಬಂದಿದ್ದಳು. ಸಾಲಿನಲ್ಲಿ ನಿಂತವರು ಒಬ್ಬರು ಮೊಲ ಅಂದರು, ಇನ್ನೊಬ್ಬರು ಆಮೆ ಅಂದರು. ಹಾಲು ಅಳೆಯುವ ಚೌಡಯ್ಯ ಕನ್ನಡಕ ಏರಿಸಿಕೊಂಡು ನೋಡಿ, ಅಂಟಿಸಿದ ಕಾಲನ್ನು ಮುಟ್ಟಿ, ಸೊಂಡಿಲು ಚೆನ್ನಾಗಿ ಬಂದದೆ, ಆನೆನೇ ಅಲ್ವಾ ಅಂತ ಕೇಳಿದ.

"ಆನೆನೇ ಕಣಣ್ಣೋ," ಅಂದಳು ಬೆಟ್ಟಮ್ಮ ಗಂಭೀರವಾಗಿ. "ದಿನಾ ಎರಡೊತ್ತು ಕರೀತೀನಿ."

ವರಲಕ್ಷ್ಮಮ್ಮ ಪಾತ್ರೆಯನ್ನು ಕೆಳಗಿಟ್ಟು ಡೇರಿಯ ಮೆಟ್ಟಿಲ ಮೇಲೆ ಕೂತುಬಿಟ್ಟಳು. ನಿಂತು ನಗುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.