ಕೆಸುವಿನಂಥ ಎಲೆ

೨೦೦೪ರ ಜುಲೈಯಲ್ಲಿ ಸರಳಾ ದೇಶದ ರಾಜಧಾನಿಯ ರೋಹಿಣಿ ಬಡಾವಣೆಯ ಬಾಡಿಗೆ ಮನೆಗೆ ಬಂದಾಗ, ಹಿಂದಿನವರು ಬಿಟ್ಟುಹೋದ ದೊಡ್ಡ ಕುಂಡವೊಂದು ಬಾಲ್ಕನಿಯಲ್ಲಿತ್ತು. ಗಿಡದಲ್ಲಿ ಮೊರದಗಲದ ಹಸಿರು ಎಲೆಗಳು. ಉಡುಪಿ ಕಡೆಯ ಅವಳಿಗೆ, ಕೆಸುವಿನ ಎಲೆಗೆ ಹಿಟ್ಟು ಸವರಿ, ಸುತ್ತಿ, ಹಬೆಯಲ್ಲಿ ಬೇಯಿಸುವ ಪತ್ರೊಡೆ ನೆನಪಾಯಿತು. ಆದರೂ ಏನೋ ಅನುಮಾನ.

ಮೇಲಿನ ಮಹಡಿಯಲ್ಲಿ ದಾವಣಗೆರೆಯ ಚಿದಂಬರ ಇದ್ದ. ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರದ ಸಂಶೋಧನಾ ವಿದ್ಯಾರ್ಥಿ. ಅವನನ್ನು ಕರೆದು ತೋರಿಸಿದಳು.

"ಇದು ಕೆಸುವೇನಾ? ನಮ್ಮೂರಿನದ್ದರ ಎಲೆ ಕೆಳಗೆ ಜೋತು ಬೀಳ್ತದೆ. ಇದು ಮೇಲಕ್ಕೆ ನಿಂತಿದೆ ನೋಡಿ."

ಚಿದಂಬರ ನಾಲ್ಕು ವರ್ಷಗಳಿಂದ ನೋಡುತ್ತಿದ್ದುದು ಸೂಕ್ಷ್ಮದರ್ಶಕದಡಿಯ ಪಾಚಿಯನ್ನು. ಗೊತ್ತಿಲ್ಲ ಎನ್ನಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಸರಳಾಳ ಗಂಡ ಯಶವಂತ್, "ಪಿಎಚ್‌ಡಿ ಮಾಡೋರೇ ಮನೆ ಮೇಲಿದಾರೆ, ಇನ್ನೇನು ಚಿಂತೆ!" ಎಂದು ನಕ್ಕ.

"ಕೆಸುವೇ," ಎಂದ ಚಿದಂಬರ. "ಇಲ್ಲಿನ ತಳಿ ಬೇರೆ, ಅದಕ್ಕೇ ಹಾಗೆ. ಧಾರಾಳವಾಗಿ ತಿನ್ನಬಹುದು."

ಭಾನುವಾರ ಪತ್ರೊಡೆಗೆ ಅವನನ್ನೂ ಕರೆದರು. ಮೊದಲ ತುತ್ತಿಗೇ ಎಲ್ಲರ ಗಂಟಲಲ್ಲೂ ಸೂಜಿ ಚುಚ್ಚಿದಂತಾಯಿತು. ಆರು ವರ್ಷದ ಮಗಳು ಪ್ರಕೃತಿ, "ಮಮ್ಮಾ, ಜಲ್ ರಹಾ ಹೈ!" ಎಂದು, ಉರಿಯುತ್ತಿದೆಯೆಂದು ಹಿಂದಿಯಲ್ಲೇ ಕಿರುಚಿದಳು. ನೋಡನೋಡುತ್ತಲೇ ಅವಳ ತುಟಿ ಊದಿಕೊಂಡಿತು. ಯಶವಂತ್ ಮಗುವನ್ನೆತ್ತಿಕೊಂಡು ಪಕ್ಕದ ಬೀದಿಯ ಕ್ಲಿನಿಕ್‌ಗೆ ಓಡಿದ; ಉಳಿದಿಬ್ಬರೂ ಹಿಂದೆಯೇ ಹೋದರು. ಡಾಕ್ಟರು ಇಂಜೆಕ್ಷನ್ ಕೊಟ್ಟು, ಎರಡು ಗಂಟೆ ಅಲ್ಲೇ ಇರಿಸಿಕೊಂಡರು.

ಹೊರಗಿನ ಬೆಂಚಿನ ಮೇಲೆ ಸರಳಾ ಅಳುತ್ತಿದ್ದಳು. "ಕೆಸುವಿನ ತುರಿಕೆ ಹೋಗ್ಲಿಕ್ಕೆ ಹಾಕುವ ಹುಣಸೆಹುಳಿ ಕಡಿಮೆ ಆಯ್ತು ಅನ್ನಿಸ್ತದೆ. ನನ್ನದೇ ತಪ್ಪು. ಕರೆದು ನಿಮಗೂ ತೊಂದರೆ ಕೊಟ್ಟೆ."

"ಪರವಾಗಿಲ್ಲ, ಬಿಡಿ," ಎಂದ ಚಿದಂಬರ. ಹೇಳಿದ ಕ್ಷಣವೇ ಅವನ ಮುಖ ಬಿಸಿಯಾಯಿತು. ತಾನು ಅವಳನ್ನು ಕ್ಷಮಿಸುವವನಂತೆ ಮಾತಾಡಿದ್ದ.

ಮರುದಿನ ಒಂದು ಎಲೆಯನ್ನು ವಿಶ್ವವಿದ್ಯಾಲಯದ ತೋಟದ ಮಾಲಿಗೆ ತೋರಿಸಿದ. ಮುದುಕ ಎಲೆಯನ್ನು ಮಗುಚಿ ನೋಡಿ, "ಯೇ ಅರ್ವಿ ನಹೀಂ ಹೈ, ಸಾಬ್," ಎಂದ. ಇದು ಕೆಸುವಲ್ಲ. ಕೆಸುವಿನಲ್ಲಿ ದಂಟು ಎಲೆಯ ಬೆನ್ನಿಗೆ ಕೂಡುತ್ತದೆ, ಇದರಲ್ಲಿ ಎಲೆಯ ಬುಡದ ಸೀಳಿನ ಅಂಚಿಗೇ ಕೂಡಿದೆ. ಇದು ಬರೀ ಅಂದಕ್ಕೆ ಬೆಳೆಸುವ ಗಿಡ ಎಂದು ವಿವರಿಸಿದ. ಅವನಿಗೆ ಅರೆ ನಿಮಿಷವೂ ಬೇಕಾಗಲಿಲ್ಲ.

ಸಂಜೆ ಚಿದಂಬರ ಸರಳಾಳ ಬಾಗಿಲನ್ನು ಎರಡು ಸಲ ದಾಟಿ ಹೋಗಿ, ಮೂರನೆಯ ಸಲ ಬೆಲ್ ಒತ್ತಿದ.

"ಹುಳಿಯ ತಪ್ಪಲ್ಲ. ಅದು ಕೆಸುವೇ ಅಲ್ಲ," ಎಂದ. "ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನೋಕೆ ನಾಚಿಕೆಯಾಯ್ತು. ನಿನ್ನೆ ನೀವು ಅಳುವಾಗಲೂ ಸುಮ್ಮನಿದ್ದೆ."

ಯಶವಂತ್ ಎದ್ದು ಒಳಗೆ ಹೋದ.

ಸರಳಾ ಹೇಳಿದಳು: "ಎಲೆ ಬೇರೆ ಅಂತ ನನಗೆ ಕಂಡಿತ್ತಲ್ಲ. ನೀವು ಓದಿದವರು ಅಂತ ನನ್ನ ಕಣ್ಣನ್ನೇ ನಂಬಲಿಲ್ಲ."

ಅವಳು ಬೈದಿದ್ದರೆ ಹಗುರಾಗುತ್ತಿತ್ತೇನೋ. ಆಮೇಲೆ ಮೆಟ್ಟಿಲಲ್ಲಿ ಎದುರಾದಾಗ ಯಶವಂತ್ ಮುಖ ತಿರುಗಿಸಿಕೊಳ್ಳುತ್ತಿದ್ದ. ಸರಳಾ ಮಾತ್ರ ಎಂದಿನಂತೆ, "ಊಟ ಆಯ್ತಾ?" ಎನ್ನುತ್ತಿದ್ದಳು. ಚಿದಂಬರ ತಲೆ ತಗ್ಗಿಸಿ, ಆಯ್ತು ಎಂದು ಬೇಗ ಬೇಗ ಮೆಟ್ಟಿಲು ಹತ್ತುತ್ತಿದ್ದ.